ಮುಂಗುಸಿಯ ನಾಲ್ಕನೆಯ ಪಟ್ಟು

ಕಾಕೂ ತೀರಿಕೊಂಡ ಸುದ್ದಿ ನಮ್ಮ ಮಂಡಳದ ವಾಟ್ಸಾಪ್ ಗುಂಪಿಗೆ ಮರಾಠಿಯಲ್ಲಿ ಬಂತು. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಮರುದಿನ ಮಂಡಳದ ಹಿರಿಯ ನನಗೆ ಫೋನು ಮಾಡಿ, "ನೀವಿಬ್ಬರೂ ಕಾನಡಿ, ಕನ್ನಡದ ಮಂದಿ. ಅವರ ಬಗ್ಗೆ ನಾಲ್ಕು ಮಾತು ನೀನೇ ಬರಿ. ನಿನ್ನಷ್ಟು ಹತ್ತಿರದವರು ಇನ್ಯಾರಿದ್ದರು?" ಎಂದು ಮರಾಠಿಯಲ್ಲಿ ಹೇಳಿದ. ಆಗಲಿ ಎಂದೆ. ಬರೆಯಲು ಕೂತರೆ ಮರಾಠಿಯಲ್ಲಿ ಎರಡನೆಯ ಸಾಲು ಹುಟ್ಟಲಿಲ್ಲ. ಹತ್ತಿರದವನು ಎಂದು ಬರೆದು ಹೊಡೆದುಹಾಕಿದೆ. ಹಾಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಂಡಳದವರು ಯಾರೂ ಇದನ್ನು ಓದಲಾರರು ಎಂಬ ಧೈರ್ಯವೂ ಅದರಲ್ಲಿದೆ, ಮುಚ್ಚಿಡುವುದೇಕೆ.

ಪುಣೆಯಲ್ಲಿ ನಾಲ್ಕು ಜನ ಕೂಡಿದರೆ ಒಂದು ಮಂಡಳ. ಗಣಪತಿ ಕೂರಿಸುವವರಿಗೊಂದು, ಗುಡ್ಡ ಹತ್ತುವವರಿಗೊಂದು, ಬೆಳಿಗ್ಗೆ ಪಾರ್ಕಿನಲ್ಲಿ ನಿಂತು ನಗುವವರಿಗೂ ಒಂದು. ನಮ್ಮದು ವಿಡಿಯೊ ಗೇಮಿನಲ್ಲಿ ವಿಚಿತ್ರ ಪ್ರಾಣಿಗಳನ್ನು ಸಾಕಿ ಕಾದಾಡಿಸುವವರ ಮಂಡಳ. ನಗಬೇಡಿ. ಹದಿನೈದು ಜನರಿದ್ದೆವು, ಹೆಚ್ಚಿನವರು ಮೂವತ್ತರ ಆಸುಪಾಸಿನವರು, ಸಂಸಾರಸ್ಥರು. ಸದಾಶಿವ ಪೇಠದ ಒಂದು ಕೋಚಿಂಗ್ ಕ್ಲಾಸಿನ ಎರಡನೆಯ ಮಹಡಿ ಭಾನುವಾರ ಮಧ್ಯಾಹ್ನ ಖಾಲಿ ಇರುತ್ತಿತ್ತು. ಹಲಗೆಯ ಮೇಲೆ ಶನಿವಾರದ ತ್ರಿಕೋನಮಿತಿ ಹಾಗೇ ಉಳಿದಿರುತ್ತಿತ್ತು. ಅದರ ಮುಂದೆ ಬೆಂಚುಗಳನ್ನು ಎದುರುಬದುರು ಮಾಡಿಕೊಂಡು, ಕನ್ಸೋಲ್ ಕೈಯಲ್ಲಿ ಹಿಡಿದು ಕೂರುತ್ತಿದ್ದೆವು. ನಾನು ವಾಕಡದಿಂದ ಸ್ಕೂಟರಿನಲ್ಲಿ ಬರುತ್ತಿದ್ದೆ. ಕಾಕೂ ಮನೆ ಮಾತ್ರ ಎರಡು ಗಲ್ಲಿ ಆಚೆ.

ಕಾಕೂ ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಮಂಡಳದವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು. ಅವರಿಗೆ ಆಗ ಐವತ್ತಾರು. ಧಾರವಾಡದವರು, ಪುಣೆಗೆ ಬಂದು ಮೂವತ್ತು ವರ್ಷ ದಾಟಿತ್ತು. ಮದುವೆಯಾಗಿರಲಿಲ್ಲ. ಅಕ್ಕನ ಜೊತೆ ಒಂದು ಹಳೆಯ ವಾಡೆಯ ಎರಡು ಕೋಣೆಗಳಲ್ಲಿ ಇದ್ದರು. ಅದೇ ಪೇಠದ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಲ್ಯಾಬು ಒಂದರಿಂದ ನಾಲ್ಕರವರೆಗೆ ಮುಚ್ಚುತ್ತಿತ್ತು. ದೀಪಾವಳಿಗೆ ಬಂದ ಅಕ್ಕನ ಮೊಮ್ಮಗಳು ಮರೆತು ಹೋದ ಕನ್ಸೋಲನ್ನು, ಅಕ್ಕ ಮಲಗಿದ ಮೇಲೆ ಇವರು ಹಚ್ಚಿ ನೋಡಿದ್ದು ಆ ಮೂರು ತಾಸಿನಲ್ಲೇ. "ಸುಮ್ನ ಇಟ್ಟರ ಕೆಟ್ಟು ಹೋಗತದ ಅಂತ ಹಚ್ಚಿದೆ ತಮ್ಮಾ," ಎನ್ನುತ್ತಿದ್ದರು. ಮೊಮ್ಮಗಳಿಗೆ ಆಮೇಲೆ ಹೊಸದನ್ನು ಕೊಡಿಸಿದರಂತೆ. ಹಳೆಯದನ್ನು ವಾಪಸು ಕೊಡಲಿಲ್ಲ.

ಮೊದಲ ಸಲ ಪಂದ್ಯಕ್ಕೆ ಹೆಸರು ಬರೆಸಲು ಹೋದಾಗ ಮೇಜಿನ ಹಿಂದಿದ್ದವನು ತಲೆಯೆತ್ತದೆ "ಮಗುವಿನ ಹೆಸರು?" ಎಂದು ಕೇಳಿದ. ಕಾಕೂ ತಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರನ್ನೂ ನಿಧಾನವಾಗಿ ಹೇಳಿದರು. "ವಯಸ್ಸು?" ಎಂದ. ಐವತ್ತಾರು ಎಂದರು. ಆಗ ಅವನು ತಲೆಯೆತ್ತಿದ. ಕಾಕೂ ಅವನ ಮುಖ ನೋಡಲಿಲ್ಲ. ಅವರು ಯಾರನ್ನು ಕಂಡರೂ ಮೊದಲು ಮೊಣಕೈ ಒಳಗಡೆಯ ನರ ನೋಡುತ್ತಿದ್ದರು, ಆಮೇಲೆ ಕುತ್ತಿಗೆ. ಎದುರಾಳಿ ಹೆದರಿದ್ದಾನೋ ಇಲ್ಲವೋ ಎಂದು ಗಂಟಲ ಪಕ್ಕ ಹಾರುವ ನಾಡಿ ನೋಡಿ ಹೇಳುತ್ತಿದ್ದರು. ಮೂವತ್ತು ವರ್ಷ ಸೂಜಿ ಹಿಡಿದ ಅಭ್ಯಾಸ. ನಮ್ಮ ಹುಡುಗರು ಕೆಲವರು ಅವರ ಎದುರು ಆಡುವಾಗ ಸೆಖೆಯಲ್ಲೂ ಕಾಲರಿನ ಗುಂಡಿ ಹಾಕಿಕೊಳ್ಳುತ್ತಿದ್ದರು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇಬ್ಬರು ಆಟಗಾರರು, ಇಬ್ಬರ ಬಳಿಯೂ ಆರು ಪ್ರಾಣಿ. ಒಂದೊಂದಾಗಿ ಕಣಕ್ಕೆ ಇಳಿಸಬೇಕು, ಒಂದು ಬಿದ್ದರೆ ಇನ್ನೊಂದು. ಪ್ರತಿ ಪ್ರಾಣಿಗೂ ನಾಲ್ಕೇ ಪಟ್ಟು ಕಲಿಸಲು ಅವಕಾಶ. ಬೇರೆಯವರು ಮೂವ್ ಎನ್ನುತ್ತಿದ್ದರು, ಕಾಕೂ ಮಾತ್ರ ಕುಸ್ತಿಯ ಮಾತಿನಲ್ಲಿ ಪಟ್ಟು ಎನ್ನುತ್ತಿದ್ದರು. ಯಾವ ನಾಲ್ಕು ಎಂಬುದು ಎದುರಾಳಿಗೆ ಗೊತ್ತಿರುವುದಿಲ್ಲ. ಪ್ರತಿ ಸರದಿಯಲ್ಲೂ ಇಬ್ಬರೂ ಒಂದೇ ಸಲಕ್ಕೆ, ಗುಟ್ಟಾಗಿ ಒಂದೊಂದು ಪಟ್ಟು ಒತ್ತಬೇಕು. ಪಂದ್ಯದ ದಿನ ಬೆಳಿಗ್ಗೆ ಪಂಚರ ಕೈಗೆ ಪಟ್ಟಿ ಬರೆದುಕೊಟ್ಟ ಮೇಲೆ ಏನನ್ನೂ ಬದಲಿಸುವಂತಿಲ್ಲ.

ಕಾಕೂ ಅವರ ಪ್ರಾಣಿ ನೋಡಲು ಮುಂಗುಸಿಯ ಹಾಗಿತ್ತು, ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ಅದಕ್ಕೆ ಬಲವೂ ಮಧ್ಯಮ, ವೇಗವೂ ಮಧ್ಯಮ. ಆದರೆ ಕಲಿಯದ ವಿದ್ಯೆಯೇ ಇಲ್ಲ. ಬೆಂಕಿ ಉಗುಳುತ್ತದೆ, ನೀರು ಚಿಮ್ಮಿಸುತ್ತದೆ, ಗಾಯ ಮಾಯಿಸಿಕೊಳ್ಳುತ್ತದೆ, ಗುರಾಣಿ ಹಿಡಿಯುತ್ತದೆ, ವಿಷ ಕಾರುತ್ತದೆ. ಹೊಸಬರು ಅದನ್ನು ಕಂಡೊಡನೆ ಮರುಳಾಗಿ ಒಂದು ಬೆಂಕಿ, ಒಂದು ನೀರು, ಒಂದು ಮದ್ದು, ಒಂದು ವಿಷ ಎಂದು ಕಲಿಸಿಬಿಡುತ್ತಿದ್ದರು. ಅದು ಯಾವ ಕೆಲಸವನ್ನೂ ಪೂರ್ತಿ ಮಾಡದೆ ಸಾಯುತ್ತಿತ್ತು. ಕಾಕೂ ಅಂಥವರ ಪಟ್ಟಿ ಕೈಗೆ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಸಿಡುಕುತ್ತಿದ್ದರು. ನನಗೆ ಬೈದದ್ದು ಹೀಗೆ: "ಎಲ್ಲಾ ಬರತದಂತ ಎಲ್ಲಾ ಮಾಡಸ್ತೀಯೇನು? ಹತ್ತು ಕಡೆ ಚುಚ್ಚಿದರ ರಕ್ತ ಬರಂಗಿಲ್ಲ, ಮಂದಿ ಅಳತಾರ ಅಷ್ಟ. ಒಂದ ಜಾಗಾ ಹುಡುಕು. ಸಿಗೋತನಕಾ ಸೂಜಿ ಮುಟ್ಟಬ್ಯಾಡ."

ಅವರು ಆ ಒಂದು ಜಾಗವನ್ನು ಹುಡುಕಲು ಎರಡು ವರ್ಷ ತೆಗೆದುಕೊಂಡರು. ಲ್ಯಾಬಿನ ಹಳೆಯ ರಿಪೋರ್ಟು ಹಾಳೆಗಳ ಹಿಂದೆ ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದರು: ಎದುರಿನವನು ಹೀಗೆ ಬಂದರೆ ಹೀಗೆ, ಹಾಗೆ ಬಂದರೆ ಹಾಗೆ. ಒಂದು ಭಾನುವಾರ ತಂದ ಮುಂಗುಸಿ ಮುಂದಿನ ಭಾನುವಾರ ಬೇರೆಯೇ ಆಗಿರುತ್ತಿತ್ತು. ಸೋತರೆ ಸಿಟ್ಟು ಬರುತ್ತಿರಲಿಲ್ಲ. ಸೋತದ್ದು ಯಾಕೆಂದು ಗೊತ್ತಾಗದಿದ್ದರೆ ಮಾತ್ರ ಊಟ ಬಿಡುತ್ತಿದ್ದರು ಎಂದು ಅವರ ಅಕ್ಕ ದೂರುತ್ತಿದ್ದರು. ಡಬ್ಬಿಯಲ್ಲಿ ಚುರಮುರಿ ಕಲಿಸಿಕೊಂಡು ಬರುತ್ತಿದ್ದರು. ಅದನ್ನು ಎಲ್ಲರಿಗೂ ಹಂಚುತ್ತಿದ್ದರು, ಎದುರಾಳಿಗೆ ಮಾತ್ರ ಆಟ ಮುಗಿದ ಮೇಲೆ.

ನಾನು ಅವರ ಜೋಡಿಯಾದದ್ದು ಭಾಷೆಯ ದೆಸೆಯಿಂದ. ನಮ್ಮ ಮಂಡಳದಲ್ಲಿ ಇಬ್ಬಿಬ್ಬರು ಜೋಡಿಯಾಗಿ ತಾಲೀಮು ಮಾಡುವ ಪದ್ಧತಿ. ಉಳಿದವರು ತಮ್ಮ ಗುಟ್ಟು ಮಾತಾಡಲು ಮೆಟ್ಟಿಲಿಗೆ ಹೋಗಬೇಕು, ಇಲ್ಲವೇ ಕಿವಿಯಲ್ಲಿ ಪಿಸುಗುಡಬೇಕು. ನಮಗೆ ಆ ಕಷ್ಟವಿರಲಿಲ್ಲ. ತುಂಬಿದ ಕೋಣೆಯ ನಟ್ಟನಡುವೆ ಕೂತು ಗಟ್ಟಿಯಾಗಿ ಕನ್ನಡದಲ್ಲಿ ಮಾತಾಡುತ್ತಿದ್ದೆವು. ಪುಣೆಯ ಕನ್ನಡಿಗರಿಗೆ ಇದು ಗೊತ್ತಿರುವ ವಿದ್ಯೆ: ಅಂಗಡಿಯಲ್ಲಿ ಸೀರೆ ಚೆನ್ನಾಗಿಲ್ಲ ಎನ್ನಲು, ಬಂದ ನೆಂಟರು ಯಾವಾಗ ಏಳುತ್ತಾರೆ ಎಂದು ಕೇಳಲು ಕನ್ನಡ. ಕಾಕೂ ಎದುರು ಬೆಂಚಿನವನ ಮುಖ ನೋಡುತ್ತಲೇ, "ಇವನ ಮುಂದ ಮುಂಗುಸಿ ತರಬಾರದು ತಮ್ಮಾ, ಇವಂಗ ಸಂಶಯ ಭಾಳ," ಎನ್ನುತ್ತಿದ್ದರು. ಅವನು ನಕ್ಕು ತಲೆಯಾಡಿಸುತ್ತಿದ್ದ. ನನಗೆ ಬೆಳಗಾವಿಯ ಮನೆ ಬಿಟ್ಟು ಹತ್ತು ವರ್ಷವಾಗಿತ್ತು. ಕಾರ್ಖಾನೆಯಲ್ಲಿ ಹಿಂದಿ, ಬಾಡಿಗೆ ಮನೆಯಲ್ಲಿ ಮರಾಠಿ. ವಾರಕ್ಕೆ ಒಂದು ಮಧ್ಯಾಹ್ನ ನನ್ನ ಬಾಯಿ ನನ್ನದಾಗುತ್ತಿತ್ತು.

ಅವರ ನಾಲ್ಕನೆಯ ಪಟ್ಟನ್ನು ನನಗೆ ಹೇಳಿದ್ದೂ ಹಾಗೆಯೇ, ಹದಿಮೂರು ಜನರ ನಡುವೆ, ಚುರಮುರಿ ಅಗಿಯುತ್ತಾ. ಮುಂಗುಸಿ ಮೊದಲು ಗಾಯ ಮಾಯಿಸಿಕೊಳ್ಳುತ್ತದೆ. ಎದುರಾಳಿ, ಓ ಇದು ಮದ್ದಿನ ಮುಂಗುಸಿ, ಮತ್ತೆ ಚೇತರಿಸಿಕೊಳ್ಳುವ ಮೊದಲು ಒಂದೇ ಏಟಿಗೆ ಮುಗಿಸಬೇಕು ಎಂದುಕೊಂಡು ತನ್ನ ಅತಿ ದೊಡ್ಡ ಹೊಡೆತ ಹೊಡೆಯುತ್ತಾನೆ. ಮುಂಗುಸಿ ಅದನ್ನು ತಿಂದು, ಕೂದಲೆಳೆಯಲ್ಲಿ ಬದುಕಿ, ತಿಂದದ್ದರ ಎರಡರಷ್ಟನ್ನು ತಿರುಗಿಸಿ ಕೊಡುತ್ತದೆ. ಮರುಪೆಟ್ಟು. ಎಷ್ಟು ಪೆಟ್ಟು ತಿಂದರೆ ಸಾಯುವುದಿಲ್ಲ ಎಂದು ಅವರು ಒಂದೊಂದು ಎದುರಾಳಿ ಪ್ರಾಣಿಗೂ ಲೆಕ್ಕ ಹಾಕಿ ಇಟ್ಟಿದ್ದರು. ಅಂಥ ಮುಂಗುಸಿಯನ್ನು ಯಾರೂ ಕಟ್ಟಿರಲಿಲ್ಲ.

"ನಾವಿಬ್ಬರೇ ಎದುರಾದರ ಏನ್ಮಾಡೂದ್ರಿ ಕಾಕೂ?" ಎಂದು ಕೇಳಿದ್ದೆ.

"ಗೊತ್ತಿಲ್ಲದವರ ಗತೆ ಆಡೂದು. ನಿನ್ನ ಪಟ್ಟಿ ನನಗ ಗೊತ್ತದ, ನನ್ನದು ನಿನಗ ಗೊತ್ತದ. ಅದನ್ನ ಹೊರಗ ಚಪ್ಪಲಿ ಜೋಡಿ ಬಿಟ್ಟು ಒಳಗ ಬರೂದು."

ಹೂಂ ಎಂದೆ.

ಅಷ್ಟರಲ್ಲಿ ಆಟದ ಕಂಪನಿಯವರು ಮುಂದಿನ ವರ್ಷ ಪಂದ್ಯಗಳಲ್ಲಿ ಆಡಿಸಬಹುದಾದ ಪ್ರಾಣಿಗಳ ಪಟ್ಟಿ ಹೊರಡಿಸಿದರು. ಅದರಲ್ಲಿ ಮುಂಗುಸಿ ಇರಲಿಲ್ಲ. ಅಂದರೆ ಆ ವರ್ಷದ ಪುಣೆಯ ಪಂದ್ಯ ಗೆದ್ದು ದೆಹಲಿಯ ರಾಷ್ಟ್ರೀಯ ಪಂದ್ಯಕ್ಕೆ ಹೋದರೆ ಹೋದಂತೆ. ಇಲ್ಲವಾದರೆ ಕಾಕೂ ಅವರ ಎರಡು ವರ್ಷದ ಕೆಲಸ ಆ ಸಣ್ಣ ಕೋಣೆಯಲ್ಲೇ ಮುಗಿದುಹೋಗುತ್ತಿತ್ತು. ಅವರು ಆ ಸುದ್ದಿಯನ್ನು ಎರಡು ಸಲ ಓದಿದರು. ಆಮೇಲೆ, "ಒಮ್ಮೆ ದೊಡ್ಡ ಮಂದಿ ಮುಂದ ಆಡಿಸಬೇಕು ತಮ್ಮಾ ಇದನ್ನ. ಆಮ್ಯಾಲೆ ಹೋದರ ಹೋಗವಲ್ದ್ಯಾಕ," ಎಂದರು.

ಈಗ ನನ್ನ ಸರದಿ. ಹನ್ನೊಂದು ಭಾನುವಾರಗಳಿಂದ ನಾನು ಅವರಿಗೆ ಸೋಲುತ್ತಲೇ ಬಂದಿದ್ದೆ. ನಾನೂ ದೆಹಲಿಗೆ ಹೋದವನಲ್ಲ. ಪಂದ್ಯದ ಹಿಂದಿನ ಸಂಜೆ ವಾಕಡದ ಮನೆಯಲ್ಲಿ ಪಟ್ಟಿ ಬರೆಯಲು ಕೂತೆ. ನನ್ನ ತಂಡದ ದೊಡ್ಡ ಪ್ರಾಣಿ ಒಂದು ಗೂಳಿ. ಅದಕ್ಕೆ ನಾಲ್ಕು ಒಳ್ಳೆಯ ಪಟ್ಟುಗಳಿದ್ದವು. ಅದರಲ್ಲಿ ಒಂದನ್ನು ತೆಗೆದು ಮಂಜು ಕವಿಸುವ ಪಟ್ಟು ಹಾಕಿದೆ. ಆ ಮಂಜು ನಾಲ್ಕು ಸರದಿ ಇರುತ್ತದೆ; ಅಷ್ಟು ಹೊತ್ತು ಯಾರೂ ತಾವು ತಿಂದ ಪೆಟ್ಟನ್ನು ತಿರುಗಿಸಿ ಕೊಡಲಾರರು. ಅದಕ್ಕೆ ಬೇರೆ ಯಾವ ಉಪಯೋಗವೂ ಇಲ್ಲ. ಅದನ್ನು ಕಲಿಸಿದವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮರುಪೆಟ್ಟನ್ನು ಬೇರೆ ಯಾರಾದರೂ ಕಂಡುಹಿಡಿದಿರಬಹುದು, ಹುಷಾರಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳೆಂದು ಹೇಳಿಕೊಳ್ಳುವಾಗಲೇ ಗೊತ್ತಿತ್ತು.

ಪಂದ್ಯ ಒಂದು ಕಾಲೇಜಿನ ಸಭಾಂಗಣದಲ್ಲಿ. ಬೆಳಿಗ್ಗೆ ಪಟ್ಟಿ ಕೊಡುವ ಸಾಲಿನಲ್ಲಿ ಕಾಕೂ ನನ್ನ ಮುಂದೆಯೇ ನಿಂತಿದ್ದರು. "ಏನರ ಬದಲ ಮಾಡೀ?" ಎಂದು ಕೇಳಿದರು. "ಇಲ್ಲರಿ," ಎಂದೆ. "ನಾನೂ ಇಲ್ಲ," ಎಂದರು. ಆಗ ಹೇಳಬಹುದಿತ್ತು. ಸಾಲು ಮುಂದೆ ಸರಿಯಿತು, ನಾನೂ ಸರಿದೆ.

ಅವರು ಒಬ್ಬೊಬ್ಬರನ್ನೇ ಸೋಲಿಸುತ್ತಾ ಬಂದರು. ಮುಂಗುಸಿಯನ್ನು ಒಮ್ಮೆಯೂ ಹೊರಗೆ ತೆಗೆಯಲಿಲ್ಲ, ಉಳಿದ ಐದರಲ್ಲೇ ಗೆದ್ದರು. ನಾನೂ ಗೆಲ್ಲುತ್ತಾ ಬಂದೆ. ಪ್ರತಿ ಸುತ್ತಿನ ಚೀಟಿ ಗೋಡೆಗೆ ಅಂಟಿಸುವಾಗ ಅವರ ಹೆಸರು ನನ್ನ ಹೆಸರಿನ ಎದುರು ಬರಬಾರದೆಂದು ಬೇಡಿಕೊಳ್ಳುತ್ತಿದ್ದೆ. ನಾಲ್ಕು ಗಂಟೆಗೆ ಕೊನೆಯ ಚೀಟಿ ಅಂಟಿಸಿದರು. ಅದರಲ್ಲಿ ಎರಡೇ ಹೆಸರು.

ಎದುರುಬದುರು ಕೂತೆವು. ಸುತ್ತ ಐವತ್ತು ಅರವತ್ತು ಜನ. ಕಾಕೂ ಸೆರಗು ಸಿಕ್ಕಿಸಿಕೊಂಡು ಬೆನ್ನು ನೆಟ್ಟಗೆ ಮಾಡಿದರು. ನನ್ನ ಕುತ್ತಿಗೆ ನೋಡಿದರು.

"ಯಾಕ ಇಷ್ಟು ಹಾರಲಿಕತ್ತದ ನಾಡಿ? ಮುಂಜಾನಿಂದ ನೀರರ ಕುಡಿದೀಯೋ ಇಲ್ಲೋ?" ತಮ್ಮ ಬಾಟಲಿಯನ್ನು ಮೇಜಿನ ಮೇಲೆ ಈಚೆ ತಳ್ಳಿದರು. "ಕುಡಿ. ಯಾರರ ಒಬ್ಬರು ಹೋಗತೀವಿ, ಇಬ್ಬರೂ ಮಂಡಳದವರ."

ನಾನು "ಕಾಕೂ," ಎಂದೆ. ಪಂಚ ಬಂದು ಶುರು ಮಾಡಿ ಎಂದ. ನೀರು ಕುಡಿದೆ.

ಇಪ್ಪತ್ತು ನಿಮಿಷ ಆಡಿದೆವು. ಇಬ್ಬರ ಕಡೆಯೂ ಐದೈದು ಬಿದ್ದವು. ಉಳಿದದ್ದು ನನ್ನ ಗೂಳಿ, ಅವರ ಮುಂಗುಸಿ. ಗೂಳಿಗೆ ಆಗಲೇ ಸಾಕಷ್ಟು ಪೆಟ್ಟು ಬಿದ್ದಿತ್ತು. ಮುಂಗುಸಿ ಮೊದಲ ಸರದಿಯಲ್ಲಿ ಗಾಯ ಮಾಯಿಸಿಕೊಂಡಿತು. ಹಿಂದೆ ನಿಂತವರಲ್ಲಿ ಯಾರೋ ಮರಾಠಿಯಲ್ಲಿ "ಹೊಡಿ, ಈಗಲೇ ಹೊಡಿ," ಎಂದು ಪಿಸುಗುಟ್ಟಿದರು. ಗೊತ್ತಿಲ್ಲದವನು ಯಾರೇ ಆದರೂ ಹೊಡೆಯುತ್ತಿದ್ದ. ನಾನು ಹೊಡೆದರೆ ಕಾಕೂ ದೆಹಲಿಗೆ ಹೋಗುತ್ತಾರೆ, ಅಷ್ಟೇ ಲೆಕ್ಕ.

ಒಂದು ಸರದಿಗೆ ನಲವತ್ತೈದು ಸೆಕೆಂಡು. ಅಂಕಿ ಇಳಿಯುತ್ತಿತ್ತು. ಬೆರಳು ದೊಡ್ಡ ಹೊಡೆತದ ಮೇಲೆ ಹೋಯಿತು, ಮಂಜಿನ ಮೇಲೆ ಬಂತು, ಮತ್ತೆ ಹೊಡೆತದ ಮೇಲೆ ಹೋಯಿತು. ಕಾಕೂ ತಮ್ಮದನ್ನು ಒತ್ತಿ ಮುಗಿಸಿ ಕೈಕಟ್ಟಿ ಕೂತಿದ್ದರು. ನಾನು ಹೊಡೆಯುತ್ತೇನೆ ಎಂದು ಅವರಿಗೆ ಅನುಮಾನವೇ ಇರಲಿಲ್ಲ. ಯಾಕೆಂದರೆ ಗೊತ್ತಿಲ್ಲದವರ ಹಾಗೆ ಆಡುತ್ತೇನೆ ಎಂದು ಮಾತು ಕೊಟ್ಟವನು ನಾನು. ಐದು ಸೆಕೆಂಡು ಉಳಿದಾಗ ಮಂಜು ಒತ್ತಿದೆ.

ತೆರೆಯ ಮೇಲೆಲ್ಲ ಬೂದು ಬಣ್ಣ ಹರಡಿತು. ಮುಂಗುಸಿ ಮರುಪೆಟ್ಟಿಗೆ ಮೈ ಮುದುಡಿಕೊಂಡು ಕಾದು, ಏನೂ ಆಗದೆ ಸುಮ್ಮನೆ ನಿಂತಿತು. ಸುತ್ತಲಿದ್ದವರಿಗೆ ಏನೆಂದು ತಿಳಿಯಲಿಲ್ಲ. ಕಾಕೂ ತೆರೆ ನೋಡಿದರು. ಆಮೇಲೆ ನನ್ನ ಕುತ್ತಿಗೆ ನೋಡಿದರು. ಆಮೇಲೆ, ನನಗೆ ನೆನಪಿರುವ ಮಟ್ಟಿಗೆ ಮೊದಲ ಸಲ, ಆಟದ ನಡುವೆ ನನ್ನ ಮುಖ ನೋಡಿದರು.

ಅವರು ಬಿಟ್ಟುಕೊಡಲಿಲ್ಲ. ಮಂಜು ಕರಗಲು ಇನ್ನು ಮೂರು ಸರದಿ. ಅಷ್ಟು ಹೊತ್ತು ಬದುಕಿದ್ದರೆ ನನ್ನ ಮುಂದಿನ ಹೊಡೆತವನ್ನೇ ನನಗೆ ಕೊಡಬಹುದಿತ್ತು. ಗುರಾಣಿ ಹಿಡಿದರು, ನಾನು ಹೊಡೆದೆ, ಮುಂಗುಸಿ ಉಳಿಯಿತು. ಗಾಯ ಮಾಯಿಸಿದರು, ನಾನು ಹೊಡೆದೆ, ಅರ್ಧ ಜೀವ ಉಳಿಯಿತು. ಉಳಿಯಲಿ ಎಂದು ನಾನೂ ಹಾರೈಸುತ್ತಿದ್ದೆ, ಹೊಡೆಯುತ್ತಲೂ ಇದ್ದೆ. ಮೂರನೆಯ ಸಲ ಅವರು ಮತ್ತೆ ಗುರಾಣಿ ಹಿಡಿದರು. ಎರಡನೆಯ ಬಾರಿಯ ಗುರಾಣಿ ಅಷ್ಟು ಗಟ್ಟಿ ಇರುವುದಿಲ್ಲ. ಮುಂಗುಸಿ ಬಿತ್ತು. ಮುಂದಿನ ಗಳಿಗೆಯಲ್ಲಿ ಮಂಜು ಕರಗಿತು.

ಜನ ಚಪ್ಪಾಳೆ ತಟ್ಟಿದರು. ಕಾಕೂ ಕನ್ಸೋಲ್ ಮುಚ್ಚಿ ಮೇಜಿನ ಮೇಲಿಟ್ಟರು.

"ಈ ಮಂಜು ಬ್ಯಾರೆ ಯಾರಿಗೂ ನಾಟೂದಿಲ್ಲಲ್ಲ ತಮ್ಮಾ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಾಳೆ ನೋಡುವಾಗಿನ ದನಿ ಅದು.

"ಇಲ್ಲರಿ."

"ಅಂದ್ರ ನನಗೊಬ್ಬಾಕಿಗೇ ತಂದೀ."

"ಹೌದ್ರಿ."

"ನಿನ್ನೇನ ಬರದಿಟ್ಟೀ. ಅಂದ್ರ ನಾ ಇಲ್ಲೀತನಕಾ ಬರತೀನಂತ ನಿನಗ ಖಾತ್ರಿ ಇತ್ತು." ನೀರಿನ ಬಾಟಲಿಯನ್ನು ತಮ್ಮ ಕಡೆ ಎಳೆದುಕೊಂಡು, "ನಮ್ಮಕ್ಕಗೂ ಇರಲಿಲ್ಲ," ಎಂದರು.

ಪಂಚ ಫಲಿತಾಂಶದ ಹಾಳೆ ತಂದ. ಕಾಕೂ ಸಹಿ ಹಾಕಿದರು. ಎದ್ದು ನಿಂತು ನನ್ನ ಕೈ ಕುಲುಕಿ, "ಛಾನ ಖೇಳಲಾಸ," ಎಂದರು. ಚೆನ್ನಾಗಿ ಆಡಿದೆ, ಮರಾಠಿಯಲ್ಲಿ. ಸುತ್ತಲಿನ ಜನಕ್ಕೆ ತಿಳಿಯಲೆಂದು ಹಾಗೆ ಹೇಳಿರಬೇಕು ಎಂದುಕೊಂಡೆ.

ಮುಂದಿನ ಭಾನುವಾರ ಅವರು ಬರುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ಬಂದರು. ಎಂದಿನ ಬೆಂಚಿನಲ್ಲಿ ನನ್ನೆದುರೇ ಕೂತರು. ಡಬ್ಬಿ ತೆಗೆದು ನನಗೂ ಚುರಮುರಿ ಹಾಕಿಕೊಟ್ಟರು. ದೆಹಲಿಗೆ ಒಯ್ಯುವ ತಂಡವನ್ನು ತೋರಿಸು ಎಂದರು, ಮರಾಠಿಯಲ್ಲಿ. ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ. ಅವರು ಮರಾಠಿಯಲ್ಲೇ ಮುಂದಿನ ಪ್ರಶ್ನೆ ಕೇಳಿದರು. ಎರಡು ಮೂರು ಸಲ ಹಾಗಾದ ಮೇಲೆ ನಾನೂ ಮರಾಠಿಗೆ ಬಂದೆ. ಮಂಡಳದ ಹುಡುಗರಿಗೆ ಖುಷಿಯೋ ಖುಷಿ. ಕಾಕೂ ಬಾಯಲ್ಲಿ ಬರುವುದೆಲ್ಲ ಈಗ ಅವರಿಗೂ ಅರ್ಥವಾಗುತ್ತಿತ್ತು. ನಮ್ಮ ಸುತ್ತ ಬೆಂಚು ಎಳೆದುಕೊಂಡು ಕೂತು ಬರೆದುಕೊಂಡರು.

ಆರು ಭಾನುವಾರ ಅವರು ನನ್ನನ್ನು ತಯಾರು ಮಾಡಿದರು. ಏನನ್ನೂ ಹಿಡಿದಿಡಲಿಲ್ಲ. ಗೂಳಿಯ ಪಟ್ಟಿಯಲ್ಲಿ ಮಂಜಿನ ಮೇಲೆ ಬೆರಳಿಟ್ಟು, ಇದನ್ನು ತೆಗೆ, ಅಲ್ಲಿ ಇದರಿಂದ ನಿನಗೆ ಉಪಯೋಗವಿಲ್ಲ ಎಂದರು. ಮರುಪೆಟ್ಟಿನ ಲೆಕ್ಕವನ್ನೂ ಹಲಗೆಯ ಮೇಲೆ ಎಲ್ಲರಿಗೂ ಬಿಡಿಸಿ ಹೇಳಿದರು. ಬೇಕಾದರೆ ನೀನೇ ಮುಂಗುಸಿಯನ್ನು ಒಯ್ಯಿ ಎಂದೂ ಹೇಳಿದರು. ಒಯ್ಯಲು ನನಗೆ ಮುಖವಿರಲಿಲ್ಲ. ದೆಹಲಿಯಲ್ಲಿ ಎರಡನೆಯ ಸುತ್ತಿಗೆ ಸೋತು ಬಂದೆ. ಅದಾದ ಮೇಲೂ ಅವರು ಮೂರು ವರ್ಷ ಮಂಡಳಕ್ಕೆ ಬಂದರು, ಬೇರೆ ಪ್ರಾಣಿಗಳನ್ನು ಕಟ್ಟಿದರು, ನನಗೆ ಬೈದರು, ನಕ್ಕರು. ಎಲ್ಲವೂ ಮರಾಠಿಯಲ್ಲಿ. ಅವರ ಅಕ್ಕನ ಜೊತೆ, ಲ್ಯಾಬಿಗೆ ಬರುವ ಹುಬ್ಬಳ್ಳಿ ಮಂದಿಯ ಜೊತೆ ಕನ್ನಡ ಆಡುವುದನ್ನು ನಾನು ಕೇಳಿದ್ದೇನೆ.

ದೆಹಲಿಗೆ ಹೊರಡುವ ಮುಂಚಿನ ಭಾನುವಾರ ಆಟ ಮುಗಿಸಿ ಎಲ್ಲರೂ ಕೆಳಗಿಳಿಯುತ್ತಿದ್ದೆವು. ಕಾಕೂ ಬಾಗಿಲ ಹೊರಗೆ ಗೋಡೆ ಹಿಡಿದು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಮಂಡಳದವರು ನಾಲ್ಕು ಜನ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಅವರಿಗೆ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ, ಆರು ವಾರದಿಂದ ನುಂಗಿಕೊಂಡಿದ್ದನ್ನು ಕನ್ನಡದಲ್ಲಿ ಗಟ್ಟಿಯಾಗಿಯೇ ಹೇಳಿಬಿಟ್ಟೆ. "ಕಾಕೂ, ನಾ ಭಾಳ ತಪ್ಪ ಮಾಡೀನ್ರಿ. ಸುಳ್ಳು ಹೇಳಿದೆ. ನನಗ ಕ್ಷಮಾ ಮಾಡ್ರಿ."

ಅವರು ಇನ್ನೊಂದು ಚಪ್ಪಲಿಗೆ ಕಾಲು ತೂರಿಸಿ, ತಲೆಯೆತ್ತಿ, "ಕಾಯ ಮ್ಹಣಾಲಾಸ?" ಎಂದರು. ಏನಂದೆ, ತಿಳಿಯಲಿಲ್ಲ ಎನ್ನುವವರ ಹಾಗೆ ನನ್ನನ್ನೇ ನೋಡುತ್ತಾ ಕಾದರು. ಮೆಟ್ಟಿಲ ಮೇಲಿನ ನಾಲ್ವರೂ ನಮ್ಮ ಕಡೆ ತಿರುಗಿದರು. ಹೇಳಿದ್ದನ್ನೇ ಅವರೆಲ್ಲರಿಗೂ ತಿಳಿಯುವ ಭಾಷೆಯಲ್ಲಿ ಇನ್ನೊಮ್ಮೆ ಹೇಳಬೇಕಿತ್ತು, ಅಷ್ಟೇ.

"ಕಾಹೀ ನಾಹೀ ಕಾಕೂ," ಎಂದೆ. ಏನೂ ಇಲ್ಲ.